ಖಾಲಿ ಬಿಟ್ಟ ರಕಾನೆ

1981ರ ಜನಗಣತಿಗೆ ಮೊದಲು ಮನೆಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ ನಾನು ಇಪ್ಪತ್ಮೂರರ ಹುಡುಗ. ಟಿ.ಸಿ.ಎಚ್. ಮುಗಿಸಿ ಇಂಡಿ ತಾಲೂಕಿನ ಒಂದು ಸಣ್ಣ ಹಳ್ಳಿಯ ಸಾಲಿಗೆ ಮಾಸ್ತರನಾಗಿ ಬಂದು ವರ್ಷ ತುಂಬಿತ್ತೋ ಇಲ್ಲವೋ. ಮಧ್ಯಾಹ್ನ ಸಾಲಿ ಬಿಟ್ಟಮೇಲೆ ಗೋಡೆಗೆ ಮನೆ ನಂಬರು ಬರೆಯುತ್ತ, ಕಟ್ಟೆಯ ಮೇಲೆ ಕೂತು ಫಾರಮ್ಮು ತುಂಬುತ್ತ ಓಣಿ ಓಣಿ ತಿರುಗಿದ್ದೆ. ಕಾಲಮ್ಮಿಗೆ ನಮ್ಮ ಕಡೆ ರಕಾನೆ ಅನ್ನುತ್ತಾರೆ. ಆ ಸಲದ ಮನೆಪಟ್ಟಿಯಲ್ಲಿ ಮೂರು ರಕಾನೆ ಹೆಚ್ಚಿಗೆ ಇದ್ದವು: ಪೂರ್ತಿ ಕುರುಡರು, ಪೂರ್ತಿ ಅಂಗವಿಕಲರು, ಪೂರ್ತಿ ಮೂಕರು. ಬ್ರಿಟಿಷರು 1872ರಿಂದ 1931ರವರೆಗೆ ಹುಚ್ಚರು, ಕಿವುಡು-ಮೂಕರು, ಕುರುಡರು, ಕುಷ್ಠರೋಗಿಗಳು ಅಂತ ಎಣಿಸುತ್ತಿದ್ದರು. ಮುಂದಿನ ನಾಲ್ಕು ಗಣತಿಗಳಲ್ಲಿ ಆ ಪ್ರಶ್ನೆ ಇರಲಿಲ್ಲ. 1981 ವಿಶ್ವ ಅಂಗವಿಕಲರ ವರ್ಷ ಎಂದು ಅದು ಮತ್ತೆ ಬಂದಿತ್ತು.

ಊರ ಕೊನೆಯ ಮನೆಯಲ್ಲಿ ಒಬ್ಬ ಹೆಣ್ಣುಮಗಳು ಮೊರದಲ್ಲಿ ಜೋಳ ಕೇರುತ್ತಿದ್ದಳು. ನನ್ನ ಪ್ರಶ್ನೆ ಕೇಳಿ ಕೈ ನಿಲ್ಲಿಸಿದಳು.

“ಕಣ್ಣ ನೆಟ್ಟಗ ಅದಾವ್ರಿ. ಕಾಲ ನೆಟ್ಟಗ ಅದಾವು. ಬಾಯೀನೂ ಐತಿ. ಆದ್ರ ನಮ್ಮ ಸಂಗಾಟ ಮಾತಾಡಂಗಿಲ್ರಿ ಮಾಸ್ತರ, ರೇಡಿಯೋ ಸಂಗಾಟ ಮಾತಾಡ್ತಾನ.”

ಏಳೆಂಟು ವರ್ಷದ ಹುಡುಗ ಕಂಬಕ್ಕೆ ಬೆನ್ನು ಹಚ್ಚಿ ಹಿಂದೆ ಮುಂದೆ ತೂಗುತ್ತಿದ್ದ. ನಾನು ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ, ಯಾರಿಗೂ ಅಲ್ಲದ ಹಾಗೆ, ಧಾರವಾಡ ಆಕಾಶವಾಣಿಯ ಅಚ್ಚ ದನಿಯಲ್ಲಿ ಶುರು ಮಾಡಿದ: “ಪೇಟೆ ಧಾರಣೆ. ಬಿಳಿ ಜೋಳ, ಕನಿಷ್ಠ ನೂರಾ ಹತ್ತು, ಗರಿಷ್ಠ ನೂರಾ ಮೂವತ್ತೈದು.” ನಮ್ಮ ಸಾಲಿಯ ಏಳನೆಯ ಇಯತ್ತೆಯವರಿಗೂ ಇಷ್ಟು ಸ್ವಚ್ಛ ಕನ್ನಡ ಬರುತ್ತಿರಲಿಲ್ಲ.

ಪೂರ್ತಿ ಮೂಕ ಎಂದು ಹೇಗೆ ಬರೆಯಲಿ? ರಕಾನೆಯಲ್ಲಿ ಗೆರೆ ಎಳೆದು ಮುಂದಿನ ಮನೆಗೆ ಹೋದೆ.

ಮರುವರ್ಷ ಅವನನ್ನು ಒಂದನೆಯ ಇಯತ್ತೆಗೆ ನಾನೇ ಹಚ್ಚಿಕೊಂಡೆ. “ನಿನ್ನ ಹೆಸರೇನು?” ಎಂದರೆ “ನಿನ್ನ ಹೆಸರೇನು?” ಅನ್ನುತ್ತಿದ್ದ. ಪಾಠ ಅರ್ಧಕ್ಕೆ ಬಂದಾಗ ಎದ್ದು ನಿಂತು, “ಇಲ್ಲಿಗೆ ವಾರ್ತೆಗಳು ಮುಗಿದವು” ಎಂದು ಬಾಗಿಲ ಕಡೆ ನಡೆಯುತ್ತಿದ್ದ. ಹುಡುಗರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ನನ್ನನ್ನು ಅಣಕಿಸುತ್ತಾನೆ ಎಂದು ತಿಳಿದು ರೂಲಿನಿಂದ ಹೊಡೆದದ್ದುಂಟು. “ನಿನ್ನ ಧಾರವಾಡಕ್ಕ ಕಳಸಬೇಕಾಗ್ತದ” ಎಂದದ್ದೂ ಉಂಟು. ನಮ್ಮ ಕಡೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ: 1845ರಲ್ಲಿ ಕಂಪನಿ ಸರಕಾರದವರು ಕಟ್ಟಿದ ಹುಚ್ಚರ ಆಸ್ಪತ್ರೆ ಧಾರವಾಡದಲ್ಲಿತ್ತು. ಮುಂಬಯಿ ಪ್ರಾಂತ ಹೋಗಿ 1956ರಲ್ಲಿ ಮೈಸೂರು ರಾಜ್ಯ ಬಂದರೂ ಬೈಗುಳ ಬದಲಾಗಲಿಲ್ಲ. ಮೂರು ತಿಂಗಳಿಗೆ ‘ಸತತ ಗೈರುಹಾಜರಿ’ ಎಂದು ಬರೆದು ಅವನ ಹೆಸರು ತೆಗೆದೆ. ಆ ಅಕ್ಷರವೂ ನನ್ನದೇ.

ಅವನ ತಾಯಿ ಮಾತ್ರ ಕೈ ಕಟ್ಟಿ ಕೂತಿರಲಿಲ್ಲ. ಬಜೆ ಬೇರು ತೇಯ್ದು ಜೇನುತುಪ್ಪದಲ್ಲಿ ನಾಲಿಗೆಗೆ ಹಚ್ಚಿದಳು. ಸೊಲ್ಲಾಪುರದ ಡಾಕ್ಟರು ಆಯಿತು. ಮಿರಜದ ಮಿಶನ್ ದವಾಖಾನೆಗೂ ಹೋಗಿ ಬಂದಳು. 1894ರಲ್ಲಿ ವಾನ್ಲೆಸ್ ಸಾಹೇಬರು ಕಟ್ಟಿದ ಆ ದವಾಖಾನೆಯ ಹೆಸರು ನಮ್ಮ ಹಳ್ಳಿಗಳಲ್ಲಿ ದೇವರ ಹೆಸರಿನ ಹಾಗೆ ನಡೆಯುತ್ತಿತ್ತು. ಅಮಾವಾಸ್ಯೆಗೆ ಗಾಣಗಾಪುರ. ಅಲ್ಲಿ ಮಧ್ಯಾಹ್ನದ ಮಹಾಮಂಗಳಾರತಿಯ ಹೊತ್ತಿಗೆ ಗಾಳಿ ಸೋಕಿದವರು ಕಂಬ ಏರುತ್ತಾರೆ, ಕಿರುಚುತ್ತಾರೆ. ಅವಳ ಮಗ ಆ ಗದ್ದಲಕ್ಕೆ ಎರಡೂ ಕಿವಿ ಮುಚ್ಚಿಕೊಂಡು ಮೂಲೆ ಹಿಡಿದನಂತೆ. “ಗಾಳಿ ಇದ್ರ ಕಂಬ ಏರತಿತ್ತಲ್ರಿ. ಇವಂದು ಗಾಳಿ ಅಲ್ಲ” ಎಂದು ಬಂದು ಹೇಳಿದಳು. ಅದಕ್ಕಿಂತ ಒಳ್ಳೆಯ ತಪಾಸಣೆ ಆಗ ನಮ್ಮ ತಾಲೂಕಿನಲ್ಲಿ ಯಾರೂ ಮಾಡಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಇದೆಲ್ಲ ಮರೆತ ಹಾಗೆಯೇ ಆಗಿತ್ತು. 2017ರಲ್ಲಿ ಹೆಡ್‌ಮಾಸ್ತರನಾಗಿ ನಿವೃತ್ತನಾಗಿ ಇಂಡಿಯಲ್ಲಿ ಮನೆ ಹಿಡಿದೆ. ಮಗನಿಗೆ ಐದು ಎಕರೆ ನಿಂಬೆಯ ತೋಟ. 2018ರ ಬೇಸಿಗೆಯಲ್ಲಿ ಎರಡು ವರ್ಷ ದಾಟಿದ ಮೊಮ್ಮಗ ಅಂಗಳದಲ್ಲಿ ನಿಂಬೆಹಣ್ಣು ಸಾಲು ಹಚ್ಚಲು ಶುರು ಮಾಡಿದ. ದಪ್ಪದ್ದು ಮೊದಲು, ಸಣ್ಣದ್ದು ಕೊನೆಗೆ. ಎಲ್ಲ ಹಣ್ಣಿನ ತೊಟ್ಟೂ ಒಂದೇ ದಿಕ್ಕಿಗೆ. ಒಂದು ಹಣ್ಣು ಸರಿಸಿದರೆ ನೆಲಕ್ಕೆ ತಲೆ ಜಜ್ಜಿಕೊಳ್ಳುವಷ್ಟು ಅಳು. ಹಮಾಲರು ನೋಡಿ, “ಸಾಹುಕಾರ್ರ, ನಿಮ್ಮ ಮೊಮ್ಮಗ ಈಗ ಗ್ರೇಡಿಂಗ್ ಮಾಡಾಕ ಹತ್ಯಾನಲ್ರಿ” ಎಂದು ನಗುತ್ತಿದ್ದರು. ನಾನೂ ನಕ್ಕೆ. ಮೊದಲು ನಗದಿದ್ದವಳು ನಮ್ಮ ಓಣಿಯ ಅಂಗನವಾಡಿ ಟೀಚರ್.

“ಸರ, ತಪ್ಪ ತಿಳ್ಕೋಬ್ಯಾಡ್ರಿ. ತೂಕ ಬರೋಬ್ಬರಿ ಐತಿ. ಆದ್ರ ತೂಕ ಮಾಡುಮುಂದ ಎಲ್ಲಾ ಹುಡುಗ್ರು ನನ್ನ ಮಾರಿ ನೋಡ್ತಾವ. ಇವ ತಕ್ಕಡಿ ಮುಳ್ಳ ನೋಡ್ತಾನ.”

ಅಂಗನವಾಡಿ ಎಂದರೆ ಗಂಜಿ, ಲಸಿಕೆ, ತೂಕ. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಆ ಯೋಜನೆ ಶುರುವಾದಾಗ (ನಮ್ಮ ರಾಜ್ಯದ್ದು ಟಿ. ನರಸೀಪುರ) ಭಯವಿದ್ದದ್ದು ಹಸಿವಿನದು. ಅದಕ್ಕೇ ಟೀಚರರ ಕೈಗೆ ಮೊದಲು ತಕ್ಕಡಿ ಬಂತು. ಮಗು ಯಾರ ಮುಖ ನೋಡುತ್ತದೆ ಎಂದು ಬರೆಯಲು ಅವರ ರಜಿಸ್ಟರಿನಲ್ಲಿ ರಕಾನೆ ಇರಲಿಲ್ಲ. 2013ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂದು ವರ್ಷಕ್ಕೆ ಎರಡು ಸಲ ಡಾಕ್ಟರರ ಗಾಡಿ ಅಂಗನವಾಡಿ ಬಾಗಿಲಿಗೆ ನಿಲ್ಲತೊಡಗಿದ ಮೇಲೆ, ಮೂವತ್ತು ತರದ ತೊಂದರೆಗಳ ಪಟ್ಟಿಯಲ್ಲಿ ಬೆಳವಣಿಗೆಯ ವಿಳಂಬವೂ ಸೇರಿತು. ಆ ಗಾಡಿಯವರೇ ನಮ್ಮ ಹುಡುಗನಿಗೂ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಆ ಚೀಟಿಯನ್ನು ದೇವರ ಮಾಡದಲ್ಲಿ ಇಟ್ಟೆವು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೆಡ್‌ಮಾಸ್ತರನ ಮೊಮ್ಮಗ ಸರಕಾರಿ ಚೀಟಿ ಹಿಡಿದು ಪಾಳಿ ಹಚ್ಚುವುದೇ ಎಂದು ಗಡಿಯಾಚೆಯ ದೊಡ್ಡ ಖಾಸಗಿ ದವಾಖಾನೆಗೆ ಕಾರು ಮಾಡಿಕೊಂಡು ಹೋದೆವು. ಅಲ್ಲಿಯ ಡಾಕ್ಟರು ಹುಡುಗನಿಗೆ ಹಿಂದಿಯಲ್ಲಿ ಬಾಚಣಿಗೆಯ ಚಿತ್ರ ತೋರಿಸು ಎಂದರು. ಇವನು ಫ್ಯಾನು ನೋಡುತ್ತಿದ್ದ. ಸೊಸೆ ಮೆಲ್ಲಗೆ “ಹಣಗಿ ಎಲ್ಲೈತಿ?” ಎಂದಳು. ಇವನ ಬೆರಳು ಹೋಗಿ ಹಣಗಿಯ ಮೇಲೆ ಕೂತಿತು, ಕಣ್ಣು ಫ್ಯಾನಿನ ಮೇಲೆಯೇ. “ನೋಡಿದಿರಾ, ಬುದ್ಧಿ ಇದೆ. ಗಂಡುಮಕ್ಕಳಿಗೆ ಮಾತು ತಡ. ನಾಲ್ಕು ತುಂಬಲಿ” ಎಂದು ಟಾನಿಕ್ ಬರೆದರು. ನಮಗೂ ಅದೇ ಬೇಕಾಗಿತ್ತು. ಟಾನಿಕ್ಕಿಗಿಂತ ಆ ಮಾತಿಗೆ ದುಡ್ಡು ಕೊಟ್ಟು ಬಂದೆವು, ಒಂದು ವರ್ಷ ಹೋಯಿತು.

ಆ ಒಂದು ವರ್ಷ ಮನೆಯಲ್ಲಿ ನಡೆದದ್ದೆಲ್ಲ ಸೊಸೆಯ ಮೇಲೆ. ಮೊಬೈಲು ಕೊಟ್ಟಿ, ಟೀವಿ ಮುಂದ ಕೂಡ್ರಿಸಿದಿ, ಬಸರಿದ್ದಾಗ ಗ್ರಹಣದಾಗ ಅಂಗಳಕ್ಕ ಬಂದಿ. ನನ್ನ ಹೆಂಡತಿ ಅನ್ನುತ್ತಿದ್ದಳು, ನಾನು ಸುಮ್ಮನಿರುತ್ತಿದ್ದೆ. ಸುಮ್ಮನಿದ್ದದ್ದು ಒಪ್ಪಿದ ಹಾಗೆಯೇ ಅಲ್ಲವೇ?

ಕೊನೆಗೆ 2019ರಲ್ಲಿ ಆ ಹಳೆಯ ಚೀಟಿ ಕೆಳಗಿಳಿಯಿತು. ವಿಜಯಪುರದಲ್ಲಿ ಮೊದಲು ಕಿವಿ ಪರೀಕ್ಷೆ. ಹುಡುಗನಿಗೆ ನಿದ್ದೆ ಬರಿಸಿ ತಲೆಗೆ ವಾಯರು ಹಚ್ಚಿ ನೋಡಿದರು, ಕಿವಿ ಸರಿ ಇತ್ತು. ಅಲ್ಲಿಂದ ಧಾರವಾಡ. ನಾನು ನೂರಾರು ಹುಡುಗರಿಗೆ ತೋರಿಸಿ ಹೆದರಿಸಿದ್ದ ಅದೇ ಕಂಪೌಂಡು, ಈಗ ಡಿಮ್ಹಾನ್ಸ್. ಗೇಟು ದಾಟುವಾಗ ನನ್ನ ಕಾಲು ಹಿಂದೆ ಬಿತ್ತು. ಹುಡುಗ ಮಾತ್ರ ಗೇಟಿನ ಸರಳು ಎಣಿಸುವವನ ಹಾಗೆ ಒಂದೊಂದಾಗಿ ಮುಟ್ಟುತ್ತ ಒಳಗೆ ಹೋದ.

ರಕ್ತ ತೆಗೆಯುತ್ತಾರೆ, ತಲೆಯ ಫೋಟೋ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅಂಥದ್ದೇನೂ ಇಲ್ಲ. ಒಂದು ಕೋಣೆ, ನೆಲದ ಮೇಲೆ ಆಟಿಗೆ, ಕಾಗದ ಹಿಡಿದ ಒಬ್ಬ ಹೆಣ್ಣುಮಗಳು. ಅವರು ನಮ್ಮ ಸೊಸೆಯನ್ನು ಕೇಳತೊಡಗಿದರು. ಕಾಗದದಲ್ಲಿ ನಲವತ್ತು ಪ್ರಶ್ನೆ, ಆರು ಭಾಗ. ಮಂದಿಯ ಜೊತೆ ಬೆರೆಯುವುದು, ಭಾವನೆ, ಮಾತು, ನಡವಳಿಕೆ, ಕಣ್ಣು-ಕಿವಿ-ಮೈಯ ಸಂವೇದನೆ, ತಿಳಿವು. ಅಪರೂಪಕ್ಕೆ ಹಾಗೆ ಮಾಡಿದರೆ 1, ಯಾವಾಗಲೂ ಮಾಡಿದರೆ 5. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯವರು 2009ರಲ್ಲಿ ಹೊರತಂದ ಅಳತೆ. ಒಟ್ಟು 70 ಮುಟ್ಟದಿದ್ದರೆ ಆಟಿಸಂ ಅಲ್ಲ. 106ರವರೆಗೆ ಸೌಮ್ಯ, 153ರವರೆಗೆ ಮಧ್ಯಮ, ಅದರಾಚೆ ತೀವ್ರ.

ಪ್ರಶ್ನೆ ಸೊಸೆಗೆ, ಉತ್ತರ ನನ್ನದು. ಮೂವತ್ತೆಂಟು ವರ್ಷ ಸಾಲಿ ನಡೆಸಿದವನ ಬಾಯಿ ಸುಮ್ಮನಿರುತ್ತದೆಯೇ. “ಕೇಳಿದ ಮಾತನ್ನೇ ತಿರುಗಿ ತಿರುಗಿ ಅಂತಾನೇನವ್ವಾ?” ಎಂದು ಆಕೆ ಕೇಳಿದಾಗ ನನ್ನ ಎದೆಯಲ್ಲಿ ಏನೋ ಕಳಚಿ ಬಿತ್ತು. ಬಿಳಿ ಜೋಳ, ಕನಿಷ್ಠ ನೂರಾ ಹತ್ತು. ಆ ಕಥೆ ಹೇಳಲು ಬಾಯಿ ತೆರೆದೆ.

“ಸರ, ನೀವು ಸ್ವಲ್ಪ ಹೊರಗ ಕೂಡ್ತೀರೇನ್ರಿ? ತಾಯಿ ಹೇಳಲಿ.”

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಬಾಗಿಲು ಅರ್ಧ ತೆರೆದಿತ್ತು. ಸೊಸೆ ಚೀಲದಿಂದ ನಿಂಬೆಹಣ್ಣಿನ ಲೆಕ್ಕದ ಬುಕ್ಕು ತೆಗೆದಳು. ಚೀಲ ಎಷ್ಟು, ದಲಾಲಿ ಎಷ್ಟು, ಹಮಾಲಿ ಎಷ್ಟು ಎಂದು ಅವಳೇ ಬರೆಯುತ್ತಿದ್ದ ಬುಕ್ಕು. ಆ ಸಾಲುಗಳ ನಡುನಡುವೆ ಪೆನ್ಸಿಲ್ಲಿನಲ್ಲಿ ಬೇರೆ ಏನೋ: ‘ಹನ್ನೊಂದನೆ ತಿಂಗಳು, ಅವ್ವ ಅಂದ.’ ‘ಒಂದು ವರ್ಷ ಐದು ತಿಂಗಳು, ಅವ್ವ ಅನ್ನೂದು ಬಿಟ್ಟಾನ.’ ‘ಕುಕ್ಕರ ಸೀಟಿಗೆ ಅತ್ತ. ಕರದರ ತಿರಗಲಿಲ್ಲ.’ ಎರಡು ವರ್ಷದ್ದು, ತಾರೀಖು ಸಮೇತ. ಒಂದೇ ಮನೆಯಲ್ಲಿದ್ದು ನನಗೆ ಗೊತ್ತಿರಲಿಲ್ಲ. ಲೆಕ್ಕ ನೋಡುವ ನನ್ನ ಮಗನಿಗೆ ಗೊತ್ತಿತ್ತೋ ಏನೋ, ಕೇಳಿಲ್ಲ.

ಆಮೇಲೆ ನಾನು ಈ ರೋಗದ, ರೋಗ ಅನ್ನಬಾರದಂತೆ, ಈ ಸ್ಥಿತಿಯ ಇತಿಹಾಸ ಓದಿದೆ. ಮಾಸ್ತರರ ಚಟ. ಆಟಿಸಂ ಎಂಬ ಶಬ್ದ 1911ರ ಸುಮಾರಿನದು. ಸ್ವಿಸ್ ಮನೋವೈದ್ಯ ಬ್ಲಾಯ್ಲರ್ ದೊಡ್ಡವರ ಮನೋರೋಗದ ಬಗ್ಗೆ ಬಳಸಿದ ಶಬ್ದ ಅದು. ಮಕ್ಕಳಿಗೆ ಅದನ್ನು ಗಟ್ಟಿಯಾಗಿ ಹಚ್ಚಿದವನು ಅಮೆರಿಕದ ಬಾಲ್ಟಿಮೋರಿನ ಲಿಯೋ ಕ್ಯಾನರ್, 1943ರಲ್ಲಿ, ಹನ್ನೊಂದು ಮಕ್ಕಳನ್ನು ನೋಡಿ. ಮೊದಲನೆಯ ಹುಡುಗ ಮಿಸಿಸಿಪಿಯ ಡೊನಾಲ್ಡ್ ಟ್ರಿಪ್ಲೆಟ್. ಅವನ ಅಪ್ಪ ವಕೀಲ. ಮಗನನ್ನು ಕರೆತರುವ ಮೊದಲು ಡಾಕ್ಟರರಿಗೆ 33 ಪುಟದ ಪತ್ರ ಬರೆಸಿ ಕಳಿಸಿದ್ದ. ಯಾವಾಗ ಏನು ಅಂದ, ಏನು ತಿರುಗಿಸಿದ, ಯಾವುದಕ್ಕೆ ಅತ್ತ. ಆ ಪತ್ರದ ಮೇಲೆಯೇ ಈ ಶಾಸ್ತ್ರದ ಮೊದಲ ಅಧ್ಯಾಯ ನಿಂತಿದೆ. ಓದುವಾಗ ನನಗೆ ಕಂಡದ್ದು ನಿಂಬೆಹಣ್ಣಿನ ಬುಕ್ಕು.

ಆದರೆ ಮನೆಯವರು ಬರೆದುಕೊಟ್ಟದ್ದರಿಂದ ಹುಟ್ಟಿದ ಶಾಸ್ತ್ರ ಬಹಳ ಬೇಗ ಮನೆಯವರ ಮೇಲೆಯೇ ತಿರುಗಿತು. ತಾಯಿಯ ಎದೆ ತಣ್ಣಗಿತ್ತು, ಅದಕ್ಕೇ ಮಗು ಒಳಗೆ ಸರಿಯಿತು ಎಂದರು. ಅಂಥ ತಾಯಂದಿರಿಗೆ ‘ರೆಫ್ರಿಜರೇಟರ್’ ಎಂಬ ಹೆಸರು ಬಿತ್ತು. ಶಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಆ ವಾದಕ್ಕೆ ಒಂದು ಇಡೀ ಪುಸ್ತಕ ಕಟ್ಟಿದ. ನನ್ನ ಹೆಂಡತಿ ಆ ಪುಸ್ತಕ ಓದಿದವಳಲ್ಲ. ಆದರೂ ಶಿಕಾಗೋ ಮತ್ತು ಇಂಡಿ ಒಂದೇ ಮಾತಾಡಿದವು! ಅದನ್ನು ಅಲ್ಲಿ ಮುರಿದವನೂ ಒಬ್ಬ ಅಪ್ಪನೇ. ಇಂಥದೇ ಮಗನಿದ್ದ ಬರ್ನಾರ್ಡ್ ರಿಮ್ಲಂಡ್, 1964ರಲ್ಲಿ, ಇದು ಹುಟ್ಟಿನಿಂದ ಬಂದ ಮೆದುಳಿನ ವಿಷಯ ಎಂದು ವಾದಿಸಿದ. 1977ರಲ್ಲಿ ಲಂಡನ್ನಿನಲ್ಲಿ ಫೋಲ್‌ಸ್ಟೈನ್ ಮತ್ತು ರಟರ್ 21 ಅವಳಿ ಜೋಡಿಗಳನ್ನು ನೋಡಿ ವಂಶವಾಹಿಯ ಕಡೆ ಬೆರಳು ತೋರಿಸಿದರು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಆಟಿಸಂಗೆ ಪ್ರತ್ಯೇಕ ರಕಾನೆ ಸಿಕ್ಕದ್ದು 1980ರಲ್ಲಿ. ನಾನು ಕಟ್ಟೆಯ ಮೇಲೆ ಕೂತು ಗೆರೆ ಎಳೆದ ವರ್ಷ.

ಗರತಿಯರ ಬಾಯಿಂದ ಕೇಳಿ ಬರೆದುಕೊಳ್ಳುವ ವಿದ್ಯೆ ನಮ್ಮ ಸೀಮೆಗೆ ಹೊಸದೂ ಅಲ್ಲ. ಹಲಸಂಗಿಯ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತವರ ಗೆಳೆಯರು ಬೀಸುವ ಕಲ್ಲಿನ ಹಾಡು ಕೇಳಿ ಬರೆದು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸಿದರು. ಹೆಣ್ಣುಮಕ್ಕಳಿಗೆ ಗೊತ್ತಿರುವುದನ್ನು ಗೊತ್ತಿರುವುದು ಎಂದು ತಿಳಿದು ಪೆನ್ನು ಹಿಡಿದವರು ಅವರು. ನಾನು ವರ್ಷ ವರ್ಷವೂ ಸಾಲಿಯಲ್ಲಿ ಅವರ ಜಯಂತಿ ಮಾಡಿಸಿ ಭಾಷಣ ಬಿಗಿದವನು.

ಸರಕಾರದ ರಕಾನೆಗಳು ನಿಧಾನ ಬೆಳೆದವು. 1991ರ ಗಣತಿಯಲ್ಲಿ ಅಂಗವಿಕಲತೆಯ ಪ್ರಶ್ನೆ ಮತ್ತೆ ಬಿಟ್ಟುಹೋಯಿತು. ಅದೇ ವರ್ಷ ದಿಲ್ಲಿಯಲ್ಲಿ ಮೆರ್ರಿ ಬರುವಾ ‘ಆ್ಯಕ್ಷನ್ ಫಾರ್ ಆಟಿಸಂ’ ಶುರು ಮಾಡಿದರು, ಅವರೂ ಒಬ್ಬ ತಾಯಿ. 1995ರ ಕಾಯ್ದೆ ಏಳು ಅಂಗವಿಕಲತೆ ಹೆಸರಿಸಿತು, ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಹೆಸರು ಹಿಡಿಯಿತು. 2000ದಲ್ಲಿ ಬೆಂಗಳೂರಿನಲ್ಲಿ ಪ್ರತಿಭಾ ಕಾರಂತರು ಸಣ್ಣ ಮಕ್ಕಳಿಗೆಂದೇ ‘ಕಾಮ್ ಡೀಲ್’ ಕಟ್ಟಿದರು. ಬೆಂಗಳೂರು ಎಲ್ಲಿ, ಇಂಡಿ ಎಲ್ಲಿ. ಗೋಲಗುಂಬಜ ಎಕ್ಸ್‌ಪ್ರೆಸ್ಸಿನಲ್ಲಿ ಇಂಥ ಮಗುವನ್ನು ಕೂಡಿಸಿಕೊಂಡು ಒಂದು ರಾತ್ರಿ ಕಳೆದವರಿಗೆ ಗೊತ್ತು ಆ ದೂರ. 2001ರಲ್ಲಿ ಗಣತಿಗೆ ನಾನೇ ಮತ್ತೆ ಹೋದೆ. ಐದು ವಿಧ ಇದ್ದವು. ಆ ರೇಡಿಯೋ ಹುಡುಗನ ಮನೆಗೆ ಬಂದಾಗ ‘ಮಾನಸಿಕ’ ಎಂದು ಗುರುತು ಹಾಕಿದೆ. 2011ರಲ್ಲಿ ಎಂಟು ವಿಧ, ಅದರಲ್ಲಿ ಬುದ್ಧಿಮಾಂದ್ಯತೆ ಬೇರೆ, ಮನೋರೋಗ ಬೇರೆ, ‘ಇತರೆ’ ಬೇರೆ. ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಏನು ಬರೆದೆ ಎಂದು ನಿಜವಾಗಿಯೂ ನೆನಪಿಲ್ಲ. ಅವನ ತಾಯಿ ಆಗ ಹಾಸಿಗೆ ಹಿಡಿದಿದ್ದಳು.

2016ರ ಕಾಯ್ದೆಯಲ್ಲಿ ಏಳು ಹೋಗಿ 21 ಆದವು, ಆಟಿಸಂ ಅದರಲ್ಲಿ ಒಂದು. ಆ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ, ನಾನು ನಿವೃತ್ತನಾದ ವರ್ಷ. ನನ್ನ ಇಡೀ ನೌಕರಿಯ ಕಾಲದಲ್ಲಿ ಬಿಇಒ ಕಚೇರಿಯ ಅಂಗಳದಲ್ಲಿ ನಡೆದ ತಪಾಸಣೆ ಶಿಬಿರಗಳಲ್ಲಿ ಕಾಲಿಲ್ಲದವರಿಗೆ ಮೂರು ಗಾಲಿಯ ಸೈಕಲ್ಲು ಸಿಕ್ಕಿತು, ಕಿವುಡರಿಗೆ ಯಂತ್ರ ಸಿಕ್ಕಿತು. ಕೈಕಾಲು ನೆಟ್ಟಗಿದ್ದು ಮುಖ ನೋಡದ ಮಕ್ಕಳಿಗೆ ಕೊಡುವಂಥ ವಸ್ತು, ಆ ಸೈಕಲ್ಲು, ಯಂತ್ರ ಬರುತ್ತಿದ್ದ ಕಾನಪುರದ ಕಾರಖಾನೆಯಲ್ಲಿ ತಯಾರಾಗುತ್ತಿರಲಿಲ್ಲ. ಕೊಡಲು ಏನೂ ಇಲ್ಲದವರನ್ನು ಶಿಬಿರಕ್ಕೆ ಯಾಕೆ ಕರೆಯಬೇಕು ಎಂದು ನಾವು ಮಾಸ್ತರರೇ ಅವರನ್ನು ಪಟ್ಟಿಯಿಂದ ಬಿಡುತ್ತಿದ್ದೆವು.

ಧಾರವಾಡದ ಆ ಅಳತೆಯಲ್ಲಿ ಮೊಮ್ಮಗನಿಗೆ 112 ಬಂತು, ಮಧ್ಯಮ. ಮನೆಗೆ ಬಂದು ತೊಂಬತ್ತರ ನಮ್ಮ ಅವ್ವನಿಗೆ ಹೇಳಿದಾಗ ಆಕೆ ಬಾಯಲ್ಲಿಯ ಎಲೆ ಅಡಿಕೆ ಒಂದು ದವಡೆಗೆ ಸರಿಸಿ, “ಹುಡುಗ್ರ ಸಂಗಾಟ ಆಟಾ ಆಡಲಿಲ್ಲ ಅಂದ್ರ ಅದಕ್ಕ ಆಟಿಸಂ ಅಂತಾರ?” ಎಂದಳು. ಹೆಂಡತಿ ಏನೂ ಅನ್ನಲಿಲ್ಲ. ಮರುದಿನ ಮುಂಜಾನೆ ಸೊಸೆಗೆ ಮೊದಲು ಚಹಾ ಕೊಟ್ಟಳು. ನಮ್ಮ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಈಗ ಹುಡುಗ ಸಾಲಿಗೆ ಹೋಗುತ್ತಾನೆ. ವಾಕ್ಯ ಕೂಡಿಸುತ್ತಾನೆ, ತನಗೆ ‘ನೀನು’ ಎಂದುಕೊಳ್ಳುತ್ತಾನೆ. “ನಿನಗ ನೀರ ಬೇಕಾ?” ಎಂದರೆ ಅವನಿಗೆ ನೀರಡಿಕೆ ಆಗಿದೆ ಎಂದು ಅರ್ಥ.

ಧಾರವಾಡದಿಂದ ಬಂದ ಎರಡು ತಿಂಗಳಿಗೆ ಆ ಹಳ್ಳಿಗೆ ಹೋದೆ. ರೇಡಿಯೋದ ಹುಡುಗನಿಗೆ ನಲವತ್ತೇಳರ ಆಸುಪಾಸು. ತಲೆ ನರೆತಿತ್ತು, ಅಣ್ಣನ ಮನೆಯಲ್ಲಿದ್ದ. ಅವನಿಗೂ ಧಾರವಾಡದಲ್ಲಿ ತೋರಿಸಿ ಸರ್ಟಿಫಿಕೇಟು ಮಾಡಿಸೋಣ, ಪಗಾರ ಬರುತ್ತದೆ ಎಂದೆ. ಅಲ್ಲಿ ಕೇಳುತ್ತಾರೆ, ಯಾವಾಗ ಮಾತು ಬಂತು, ಯಾವಾಗ ನಡೆದ, ಸಣ್ಣವನಿದ್ದಾಗ ಕರೆದರೆ ತಿರುಗುತ್ತಿದ್ದನೇ ಎಂದು.

“ಅದನ್ನೆಲ್ಲ ಅವ್ವ ಬಲ್ಲಾಕಿದ್ದಳ್ರಿ” ಎಂದ ಅಣ್ಣ. ಆಕೆ ಸತ್ತು ಆರು ವರ್ಷವಾಗಿತ್ತು.

ಅಷ್ಟರಲ್ಲಿ ಅಣ್ಣನ ಹೆಂಡತಿ ಗಂಗಾಳದಲ್ಲಿ ರೊಟ್ಟಿ, ಪುಂಡಿಪಲ್ಯ ತಂದು ಅವನ ಮುಂದೆ ಇಟ್ಟಳು. ಎರಡು ರೊಟ್ಟಿ ತಿಂದ. ಮೂರನೆಯದು ಹಾಕಲು ಬಂದಾಗ ಕೈ ಅಡ್ಡ ಹಿಡಿಯಲಿಲ್ಲ, ಮುಖ ಎತ್ತಲಿಲ್ಲ. “ಇಲ್ಲಿಗೆ ವಾರ್ತೆಗಳು ಮುಗಿದವು” ಎಂದ.

ಆಕೆ ರೊಟ್ಟಿ ಹಿಂದಕ್ಕೆ ತೆಗೆದುಕೊಂಡಳು. ನಾನು ನೋಡುತ್ತಿರುವುದು ಕಂಡು ಸೆರಗು ಸರಿಮಾಡಿಕೊಂಡು ನಕ್ಕಳು.

“ಸಾಕಾದ್ರ ಹಂಗಂತಾರ್ರಿ ನಮ್ಮ ಮೈದುನಾರು. ಸಣ್ಣವರಿದ್ದಾಗಿಂದ.”